ಡಿಲಾಯ್ ಕ್ಲೆಗ್‌ಗೆ ನಾನು ಕೊಡದ ಚೀಟಿ

ಡಿಲಾಯ್ ಕ್ಲೆಗ್ ಮೂವತ್ತೊಂದು ವರ್ಷ ನಮ್ಮ ಕ್ಲೋವರ್ ಕಣಿವೆಯಲ್ಲಿ ಶಾಲೆಯ ಬಸ್ಸು ಓಡಿಸಿದ. ಐಡಹೋದ ಈ ಮೂಲೆಯಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್ ತನಕ ಜಾಗ ಬಿಟ್ಟು ಕದಲುವುದಿಲ್ಲ. ಅಂಥ ರಸ್ತೆಯಲ್ಲಿ ಒಂದು ಮಗುವಿಗೂ ತರಚುಗಾಯವಾಗದ ಹಾಗೆ ಮೂವತ್ತೊಂದು ಚಳಿಗಾಲ ಕಳೆದವನು. ಈಗ ಊರಿನಲ್ಲಿ ಅವನ ಹೆಸರೆತ್ತಿದರೆ ಸಾಕು, ‘ಓ, ಬಸ್ಸನ್ನ ಕಾಲುವೆಗೆ ಇಳಿಸಿದನಲ್ಲ, ಅವನು ತಾನೆ’ ಅನ್ನುತ್ತಾರೆ. ಮೂವತ್ತೊಂದು ವರ್ಷ ತಕ್ಕಡಿಯ ಒಂದು ತಟ್ಟೆಗೆ, ಒಂದೇ ಒಂದು ಬೆಳಗು ಇನ್ನೊಂದಕ್ಕೆ, ಬೆಳಗೇ ತೂಗಿತು. ಊರನ್ನು ಬೈಯುವ ಯೋಗ್ಯತೆ ನನಗಿಲ್ಲ, ಬಿಡಿ. ಅವನಿಗೆ ಎಲ್ಲರಿಗಿಂತ ದೊಡ್ಡ ಅನ್ಯಾಯ ಮಾಡಿದವನು ನಾನು.

ನಾನು ವರ್ಲ್ ಟಿಂಗಿ. ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿ ನನ್ನದು. ಮೊಳೆ, ಮುಳ್ಳುತಂತಿ, ಪಂಪಿನ ವಾಷರು, ಬಣ್ಣ ಮಾರುತ್ತೇನೆ. ಭಾನುವಾರ ನಾನು ಬಿಷಪ್. ನಮ್ಮ ಚರ್ಚಿನಲ್ಲಿ ಸಂಬಳದ ಪಾದ್ರಿಗಳಿಲ್ಲ. ಒಂದು ದಿನ ಮೇಲಿನವರು ಕರೆದು, ‘ಬ್ರದರ್ ಟಿಂಗಿ, ಇನ್ನು ಮೇಲೆ ಈ ನೂರಿಪ್ಪತ್ತು ಮನೆ ನಿಮ್ಮ ಜವಾಬ್ದಾರಿ’ ಅಂದರು, ತಲೆಯ ಮೇಲೆ ಕೈಯಿಟ್ಟರು, ಅಷ್ಟೇ. ಯಾರ ಮನೆಯಲ್ಲಿ ಒಲೆ ಉರಿದಿಲ್ಲ, ಯಾರ ಮಗಳು ಅಳುತ್ತಿದ್ದಾಳೆ, ಯಾರು ಕದ್ದು ಕಾಫಿ ಕುಡಿಯುತ್ತಾರೆ ಎಲ್ಲವೂ ಆವತ್ತಿನಿಂದ ನನ್ನ ತಲೆಗೆ ಬಂತು. ಹೌದು, ನಮ್ಮಲ್ಲಿ ಕಾಫಿಯೂ ಸಲ್ಲದು. ಹೆಂಡದ ಮಾತಂತೂ ಕೇಳಲೇಬೇಡಿ.

ಡಿಲಾಯ್‌ನ ಹೆಂಡತಿ ಆರ್ಡಿತ್ ಎಪ್ಪತ್ತೊಂದರ ಅಕ್ಟೋಬರಿನಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದವರಿಗೆ ನಮ್ಮ ಹೆಂಗಸರು ಎಂದಿನಂತೆ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ ಬಡಿಸಿದರು. ಡಿಲಾಯ್ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ, ತಿನ್ನಲಿಲ್ಲ. ಆಮೇಲಿನ ದಿನಗಳಲ್ಲಿ ಮಕ್ಕಳನ್ನು ಇಳಿಸಿ ಬಂದವನು ಬಸ್ಸನ್ನು ಶಾಲೆಯ ಹಿಂದೆ ನಿಲ್ಲಿಸಿ ಅದರೊಳಗೇ ಕೂತಿರುತ್ತಿದ್ದ. ಗಂಟೆಗಟ್ಟಲೆ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು ರೆನೇ ಅಡುಗೆ ಮಾಡಿಕೊಂಡು ಕಾಯುತ್ತಿದ್ದಳು. ಅವಳೇ ಒಂದು ದಿನ ಅಂಗಡಿಗೆ ಬಂದು, “ಬಿಷಪ್, ಅಪ್ಪಂಗೆ ಏನಾದ್ರೂ ಕೈಗೆ ಕೆಲಸ ಕೊಡಿ, ಹೀಗೇ ಬಿಟ್ರೆ ಅವರೂ ಹೋಗ್ಬಿಡ್ತಾರೆ” ಅಂದಳು.

ಆ ಶನಿವಾರ ಮಧ್ಯಾಹ್ನ ಅವನ ತೋಳು ಹಿಡಿದು ನನ್ನ ಗ್ಯಾರೇಜಿಗೆ ಎಳೆದುಕೊಂಡು ಬಂದೆ. ನನ್ನ ಮನೆ ಅವನ ಮನೆಯಿಂದ ನಾಲ್ಕೇ ಮನೆ ಆಚೆ.

“ಗುಂಡು ಒತ್ತೋದು ಕಲಿಸ್ತೀನಿ ಬಾ,” ಅಂದೆ.

“ಯಾಕೆ, ಯುದ್ಧಕ್ಕೇನಾದ್ರೂ ಕಳಿಸ್ತಿದೀಯಾ?”

“ನೆಲದಳಿಲಿನ ಮೇಲೆ ಯುದ್ಧ ಮಾರಾಯ. ಬ್ರದರ್ ಮೇಬಿ ಹೊಲ ನೋಡಿದೀಯಾ? ಮೇವಿಗೆ ಬಿತ್ತಿದ ಕುದುರೆಮೆಂತ್ಯೆ ಒಂದು ಕಡ್ಡಿ ಉಳಿಸಿಲ್ಲ. ಪೇಟೇಲಿ ಗುಂಡಿಗೆ ಹೋದ್ರೆ ಇಲ್ಲ, ನಾಡಿದ್ದು ಬನ್ನಿ ಅಂತಾರೆ. ನಾವೇ ಮಾಡ್ಕೊಂಡ್ರೆ ಯಾರ ಹಂಗೇನು?”

ನಮ್ಮ ಜನಕ್ಕೆ ಈ ಚಪಲ ಹುಟ್ಟಿನಿಂದ ಬಂದದ್ದು. ಹಣ್ಣು ನಾವೇ ಬಾಟಲಿಗೆ ತುಂಬಬೇಕು, ಗೋಧಿ ನಾವೇ ಬೀಸಬೇಕು, ವರ್ಷಕ್ಕಾಗುವಷ್ಟು ದವಸ ನೆಲಮಾಳಿಗೆಯಲ್ಲಿರಬೇಕು. ಗುಂಡು ಮಾತ್ರ ಯಾಕೆ ಬಿಡಬೇಕು? ಇಪ್ಪತ್ತೆರಡರ ಸಣ್ಣ ಬಂದೂಕಿನಿಂದ ಹಾರಿಸಿ ಬಿಸಾಕಿದ ಹಿತ್ತಾಳೆಯ ಖಾಲಿ ತೋಟಾ ನಮ್ಮ ಗುಡ್ಡದಲ್ಲಿ ಕಾಲಿಟ್ಟಲ್ಲಿ ಸಿಗುತ್ತದೆ. ಅದನ್ನು ಕಾಯಿಸಿ ಮೆತ್ತಗೆ ಮಾಡಿ, ಹಿಡಿಕೆ ಎಳೆದು ಒತ್ತುವ ಪ್ರೆಸ್ಸಿನಲ್ಲಿ ತಳ್ಳಿ ಬುಡದ ಅಂಚು ಸವರಿದರೆ ಗುಂಡಿಗೆ ಮೇಲಂಗಿ ಆಯಿತು. ಸೀಸದ ತಂತಿಯನ್ನು ತುಣುಕು ತುಣುಕಾಗಿ ಕತ್ತರಿಸಿ, ಒಂದು ಅಚ್ಚಿನಲ್ಲಿ ಒತ್ತಿ ಎಲ್ಲವನ್ನೂ ಒಂದೇ ತೂಕಕ್ಕೆ ತರಬೇಕು. ಅದು ಅಂಗಿಯ ಒಳಗೆ ಕೂರುತ್ತದೆ. ಕೊನೆಯ ಅಚ್ಚಿನಲ್ಲಿ ಹಿಡಿಕೆ ಎಳೆದಾಗ ಮೂತಿ ಚೂಪಾಗಿ ಹೊರಬರುತ್ತದೆ. ಮೊದಲನೆಯದು ಹೊರಬಿದ್ದಾಗ ಡಿಲಾಯ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

“ಕರಗಿಸೋದೇ ಬೇಡ್ವಾ?”

“ಬೇಡ. ಅದೇ ಇದರ ಚಂದ. ಸೀಸ ಕರಗಿಸೋರಿಗೆ ಹೊಗೆ ತಾಗುತ್ತೆ, ಮೈ ಹಾಳು. ಇದು ತಣ್ಣಗಿನ ಕೆಲಸ. ಅಡುಗೆಮನೆ ಮೇಜಿನ ಮೇಲೇ ಮಾಡ್ಕೋಬಹುದು.”

ಇದು ನಾನೇ, ನನ್ನ ಬಾಯಾರೆ ಆಡಿದ ಮಾತು. ನಮ್ಮಲ್ಲಿ ಎಲ್ಲರೂ ಹಾಗೇ ನಂಬಿದ್ದೆವು: ಸುಟ್ಟರೆ ವಿಷ, ತಣ್ಣಗಿದ್ದರೆ ಕಲ್ಲು.

ಇನ್ನೊಂದು ಕಲಿಸಿದೆ. ಎಡಗೈ ಅಚ್ಚಿಗೆ, ಬಲಗೈ ಹಿಡಿಕೆಗೆ, ತುಣುಕು ಎತ್ತಿಕೊಡಲು ಮೂರನೆಯ ಕೈ ಎಲ್ಲಿಂದ ತರುವುದು? ನನ್ನಪ್ಪ ಮನೆಗಳ ಮಾಡಿಗೆ ಮರದ ಹಲಗೆ ಹೊಡೆಯುತ್ತಿದ್ದವನು, ಬಾಯಿ ತುಂಬ ಮೊಳೆ ಇಟ್ಟುಕೊಂಡೇ ಜೀವನ ಕಳೆದ. ಅದೇ ಚಾಳಿ ನನಗೂ ಬಂದಿತ್ತು.

“ಇಪ್ಪತ್ತು ತುಣುಕು ಬಾಯಿಗೆ ಹಾಕ್ಕೋ. ನಾಲಗೆಯಿಂದ ಒಂದೊಂದೇ ಮುಂದಕ್ಕೆ ತಳ್ಳು. ಎಂಜಲು ತಾಗಿದ್ರೆ ಒಳ್ಳೇದೇ, ಅಚ್ಚಲ್ಲಿ ಜಾರಲಿ ಅಂತ ಉಣ್ಣೆಜಿಡ್ಡು ಸವರೋದು ಅರ್ಧಕ್ಕರ್ಧ ಉಳಿಯುತ್ತೆ. ಕೊನೇಲಿ ಹೇಗಿದ್ರೂ ಸ್ಪಿರಿಟಲ್ಲಿ ತೊಳೀತೀವಲ್ಲ.”

ಹಾಕಿಕೊಂಡ. ಕೆನ್ನೆ ಉಬ್ಬಿತು. ಸ್ವಲ್ಪ ಹೊತ್ತಾದ ಮೇಲೆ ಒಂದು ಪಕ್ಕಕ್ಕೆ ಸರಿಸಿಕೊಂಡು, “ಒಂಥರಾ ಸಿಹಿ ಇದೆಯಲ್ಲೋ,” ಅಂದ.

“ಬೆಳಗ್ಗೆ ತಿಂಡಿ ತಿಂದಿಲ್ಲ ನೀನು, ಅದಕ್ಕೇ,” ಅಂತ ನಕ್ಕೆ. ಅವನೂ ನಕ್ಕ. ಆರ್ಡಿತ್ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಎಂಥ ಪುಣ್ಯದ ಕೆಲಸ ಮಾಡಿದೆ ಅಂತ ಆವತ್ತು ರಾತ್ರಿ ಊಟ ಮಾಡುವಾಗ ಹೆಂಡತಿಗೆ ಹೇಳಿಕೊಂಡು ಬೀಗಿದ್ದೆ.

ಕ್ರಿಸ್‌ಮಸ್ಸಿನ ಹೊತ್ತಿಗೆ ಅವನು ಒಂದು ಪ್ರೆಸ್ಸು ತರಿಸಿ ಆರ್ಡಿತ್‌ಳ ಅಡುಗೆಮನೆಯ ಮೇಜಿಗೇ ಬೋಲ್ಟು ಬಿಗಿದಿದ್ದ. ಮೇಜಿನ ಒಂದು ತುದಿಯಲ್ಲಿ ರೆನೇ ಓದುತ್ತಿದ್ದಳು, ಇನ್ನೊಂದು ತುದಿಯಲ್ಲಿ ಇವನು ಹಿಡಿಕೆ ಎಳೆಯುತ್ತಿದ್ದ. ಬೆಳಗಿನ ಸರದಿ ಮುಗಿಸಿ ಬಂದು ಒಂದು ಆಟ, ಸಂಜೆಯ ಸರದಿ ಮುಗಿಸಿ ಇನ್ನೊಂದು. ಆ ಬೆರಳಲ್ಲೇ ಬ್ರೆಡ್ಡು ಮುರಿದು ಹಾಲಿಗೆ ಅದ್ದಿ ತಿನ್ನುತ್ತಿದ್ದ. ಒತ್ತಿದ್ದನ್ನು ಆರ್ಡಿತ್ ಜಾಮು ತುಂಬಿಡುತ್ತಿದ್ದ ಗಾಜಿನ ಜಾಡಿಗಳಿಗೆ ಹಾಕಿ ಮನೆಮನೆಗೆ ಕೊಟ್ಟುಬರುತ್ತಿದ್ದ. ಎಪ್ಪತ್ತನಾಲ್ಕರಲ್ಲಿ ಅಂಗಡಿಗಳಲ್ಲಿ ಗುಂಡೇ ಸಿಗದಿದ್ದಾಗ ಇಡೀ ಕಣಿವೆಯ ಅಳಿಲಿಗೆ ಹೊಡೆದದ್ದು ಡಿಲಾಯ್‌ನ ಗುಂಡು. ಪುಣ್ಯಾತ್ಮ, ಯಾರ ಹತ್ತಿರವೂ ಏನೂ ಕೇಳಲಿಲ್ಲ. ಜನ ಅವರಾಗಿ ಜೇನು, ಎಲ್ಕ್ ಜಿಂಕೆಯ ಮಾಂಸ, ಒಂದು ಕಡುಬು ಅಂತ ಕೊಟ್ಟರೆ ಇಸಿದುಕೊಳ್ಳುತ್ತಿದ್ದ.

“ಸಾಕು ನಿಲ್ಸೋ, ಅಳಿಲಿನ ವಂಶವೇ ನಿರ್ವಂಶ ಆಯ್ತು,” ಅಂದಿದ್ದೆ ಒಮ್ಮೆ.

“ಕೈ ಸುಮ್ನಿದ್ರೆ ಅವಳು ನೆನಪಾಗ್ತಾಳೆ ವರ್ಲ್,” ಅಂದ.

ಈ ನಡುವೆ ನನ್ನ ಹಲ್ಲೆಲ್ಲ ಕೀಳಿಸಿ ಸೆಟ್ಟು ಕಟ್ಟಿಸಿಕೊಂಡೆ. ಬಾಯಲ್ಲಿ ಸೀಸ ಇಟ್ಟುಕೊಂಡರೆ ಸೆಟ್ಟಿಗೆ ತಾಗಿ ಕಟಕಟ ಅನ್ನುತ್ತಿತ್ತು. ಒಂದು ಸಣ್ಣ ತಟ್ಟೆಯಲ್ಲಿ ಇಟ್ಟುಕೊಳ್ಳತೊಡಗಿದೆ. ವಾರಕ್ಕೊಮ್ಮೆ ಐವತ್ತೋ ನೂರೋ ಒತ್ತುವವನಿಗೆ ಅದೇನು ಕಷ್ಟ. ಇದು ಡಿಲಾಯ್‌ಗೆ ಹೇಳುವಂಥ ಸಂಗತಿ ಅಂತ ಅನ್ನಿಸಲಿಲ್ಲ.

ರೆನೇ ಕಾಲೇಜಿಗೆ ಹೋದ ಮೇಲೆ ಅವನು ಒಬ್ಬನೇ ಆದ. ಮುಖ ಬಿಳಿಚಿಕೊಂಡಿತು. ಹೊಟ್ಟೆ ಹಿಡಿದುಕೊಂಡು ಚರ್ಚಿನಿಂದ ಅರ್ಧಕ್ಕೆ ಎದ್ದು ಹೋಗುತ್ತಿದ್ದ. ಹಾಡಿನ ಪುಸ್ತಕ ಹಿಡಿದರೆ ಹಾಳೆ ನಡುಗುತ್ತಿತ್ತು. ಮೂವತ್ತು ವರ್ಷ ಒಂದು ಗದರು ಮಾತಾಡದವನು ಬಸ್ಸಿನಲ್ಲಿ ಮಕ್ಕಳ ಮೇಲೆ ಕಿರುಚಾಡಿದ. ಒಂದು ದಿನ ದಾರಿ ಮರೆತು ಮೇಬಿಯವರ ತಿರುವು ಬಿಟ್ಟು ಎರಡು ಮೈಲಿ ಮುಂದೆ ಹೋದ. ಮತ್ತೆ ಆ ವಾಸನೆ. ಅವನ ಅಂಗಿ, ಕೋಟು, ಕೂದಲು ಎಲ್ಲ ಸ್ಪಿರಿಟ್ ನಾರುತ್ತಿತ್ತು.

ಬ್ರದರ್ ಮೇಬಿಯ ಹೆಂಡತಿ ಸಿಸ್ಟರ್ ಮೇಬಿ ಅಂಗಡಿಗೆ ಬಂದು ಬಣ್ಣದ ಡಬ್ಬ ನೋಡುವ ನೆಪದಲ್ಲಿ ಹತ್ತಿರ ಸರಿದಳು. “ಬಿಷಪ್, ಹೇಳಬಾರದು ಅಂತಿದ್ದೆ. ಪಾಪ, ಹೆಂಡತಿ ಸತ್ತೋನು. ಆದ್ರೂ ನಮ್ಮ ಮಕ್ಕಳು ಆ ಬಸ್ಸಲ್ಲಿ ಕೂರ್ತಾರಲ್ಲ,” ಅಂದಳು. ಅವಳ ಮನೆಯ ಕಿಟಕಿಯಲ್ಲಿ ಅವನು ಕೊಟ್ಟ ನಾಲ್ಕು ಜಾಡಿ ಗುಂಡು ಸಾಲಾಗಿ ಕೂತಿದ್ದವು.

ನನಗೆ ಅವಳು ಹೇಳಬೇಕಾಗಿರಲಿಲ್ಲ. ನಾನು ಆಗಲೇ ತೀರ್ಮಾನಕ್ಕೆ ಬಂದಿದ್ದೆ. ಯಾಕೆಂದರೆ ಸ್ಪಿರಿಟ್ ಮಾರುವವನು ನಾನೇ. ಡಿಲಾಯ್ ತಿಂಗಳಿಗೆ ಎರಡು ದೊಡ್ಡ ಡಬ್ಬ ಒಯ್ಯುತ್ತಿದ್ದ. ನಾನೂ ಗುಂಡು ತೊಳೆಯುವವನು. ನನಗೆ ಒಂದು ಡಬ್ಬ ವರ್ಷ ಬರುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು? ಬೇರೆ ಯಾರಾದರೂ ಆಗಿದ್ದರೆ ಅನುಮಾನ ಅಷ್ಟಕ್ಕೇ ನಿಲ್ಲುತ್ತಿತ್ತು. ನನಗೆ ಕಸುಬು ಗೊತ್ತಿತ್ತಲ್ಲ, ಅದಕ್ಕೇ ಅನುಮಾನ ಇರಲಿಲ್ಲ. ಬಣ್ಣ ತೆಗೆಯುವ ಸ್ಪಿರಿಟ್ ಕುಡಿಯುವ ಮಟ್ಟಕ್ಕೆ ಇಳಿದನಲ್ಲ ಅಂತ ಮರುಗಿದೆ ಕೂಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಕಂಡದ್ದು ಬರೀ ಡಬ್ಬ.

ಎಪ್ಪತ್ತೈದರ ಮಾರ್ಚಿನಲ್ಲಿ ಬಸ್ಸು ಕಾಲುವೆಗೆ ಇಳಿಯಿತು. ನೀರು ಬಿಟ್ಟಿರಲಿಲ್ಲ, ಅದು ನಮ್ಮ ಪುಣ್ಯ. ಹನ್ನೊಂದು ಮಕ್ಕಳಿದ್ದರು, ಒಂದು ಹುಡುಗಿಗೆ ತುಟಿ ಒಡೆಯಿತು, ಅಷ್ಟೇ. ತಿರುವಿನಲ್ಲಿ ಬಲಗೈ ಸ್ಟೀರಿಂಗಿನ ಮೇಲಿಂದ ಜಾರಿಬಿತ್ತು, ಮಣಿಕಟ್ಟು ಎತ್ತಲು ಬರಲಿಲ್ಲ ಅಂತ ಅವನು ಹೇಳಿದ. ಯಾರು ನಂಬುತ್ತಾರೆ? ಮಕ್ಕಳನ್ನೆಲ್ಲ ಇಳಿಸಿ ಎಣಿಸಿ, ಆಮೇಲೆ ರಸ್ತೆಬದಿಯಲ್ಲಿ ಕೂತು ವಾಂತಿ ಮಾಡಿಕೊಂಡನಂತೆ. ಊದಿಸಿ ನೋಡುವ ಯಂತ್ರ ನಮ್ಮ ಕಣಿವೆಗೆ ಇನ್ನೂ ಬಂದಿರಲಿಲ್ಲ. ಶಾಲೆಯವರು ಗಲಾಟೆ ಮಾಡದೆ ಕೀಲಿ ಇಸಿದುಕೊಂಡು ಮನೆಗೆ ಕಳಿಸಿದರು.

ಮೇ ತಿಂಗಳಲ್ಲಿ ಅವನು ನನ್ನ ಹತ್ತಿರ ಬಂದ. ಅಂಗಡಿಗಲ್ಲ, ಭಾನುವಾರ, ಚರ್ಚಿನ ನನ್ನ ಕೋಣೆಗೆ. ರೆನೇಗೆ ಮದುವೆ ಗೊತ್ತಾಗಿತ್ತು, ಆಗಸ್ಟಿನಲ್ಲಿ, ಗುಡ್ಡದಾಚೆಯ ದೇವಾಲಯದಲ್ಲಿ. ನಮ್ಮಲ್ಲಿ ಭಾನುವಾರದ ಚರ್ಚು ಬೇರೆ, ದೇವಾಲಯ ಬೇರೆ. ಚರ್ಚಿಗೆ ಯಾರು ಬೇಕಾದರೂ ಬರಬಹುದು. ದೇವಾಲಯದ ಬಾಗಿಲಲ್ಲಿ ಬಿಷಪ್ ಸಹಿ ಹಾಕಿದ ಚೀಟಿ ತೋರಿಸಬೇಕು. ಚೀಟಿ ಇಲ್ಲದವನು ಹೆತ್ತ ತಂದೆಯಾದರೂ ಅಂಗಳದಲ್ಲೇ ನಿಲ್ಲಬೇಕು. ಚೀಟಿಗೆ ಮೊದಲು ಬಿಷಪ್ ಒಂದಿಷ್ಟು ಪ್ರಶ್ನೆ ಕೇಳುತ್ತಾನೆ. ಡಿಲಾಯ್‌ನ ಹಳೆಯ ಚೀಟಿಯ ಅವಧಿ ಮುಗಿದಿತ್ತು.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕಾಲರಿನ ಗುಂಡಿ ಹಾಕಲು ಬಂದಿರಲಿಲ್ಲ, ಟೈಯಿಂದ ಮುಚ್ಚಿಕೊಂಡಿದ್ದ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡ. ನಾನು ಒಂದೊಂದೇ ಪ್ರಶ್ನೆ ಕೇಳಿದೆ.

“ಹೊಗೆಸೊಪ್ಪು, ಚಹಾ, ಕಾಫಿ, ಮದ್ಯ, ಇದರಿಂದೆಲ್ಲ ದೂರ ಇದೀಯಾ?”

“ಇದೀನಿ.”

“ಡಿಲಾಯ್, ಇಲ್ಲಿ ನಾವಿಬ್ಬರೇ ಇರೋದು.”

“ಇದೀನಿ ಅಂದೆನಲ್ಲ.”

“ಹಾಗಾದ್ರೆ ತಿಂಗಳಿಗೆ ಎರಡು ಡಬ್ಬ ಸ್ಪಿರಿಟ್ ಯಾತಕ್ಕೆ?”

“ಗುಂಡು ತೊಳೆಯೋಕೆ. ನೀನೇ ತಾನೆ ಹೇಳ್ಕೊಟ್ಟಿದ್ದು.”

“ನಾನೂ ತೊಳೀತೀನಪ್ಪ. ನಂಗೆ ಒಂದು ಡಬ್ಬ ವರ್ಷ ಬರುತ್ತೆ. ನನ್ನ ಕಿವಿಗೆ ಹೂ ಇಡ್ಬೇಡ.”

ಅವನು ಏನೋ ಹೇಳಹೋದ, ಮಾತು ತಡವರಿಸಿತು. ಆ ದಿನಗಳಲ್ಲಿ ಅವನಿಗೆ ಪದಗಳು ಬೇಗ ಸಿಗುತ್ತಿರಲಿಲ್ಲ. “ನಾನು ಜಾಸ್ತಿ ಮಾಡ್ತೀನಿ,” ಅಂದ ಕೊನೆಗೆ.

“ಇಡೀ ಊರಿಗೆ ಕೊಟ್ರೂ ಅಷ್ಟು ಬೇಕಾಗಲ್ಲ,” ಅಂದೆ. “ನೋಡು, ನಿನ್ನನ್ನ ಹಿಡಿದು ಹಾಕೋಕೆ ಕೂತಿಲ್ಲ ನಾನು. ಇವತ್ತು ಒಪ್ಕೊಂಡುಬಿಡು. ಮೂರು ತಿಂಗಳು ಮುಟ್ಟದೆ ಇರು. ಆಗಸ್ಟಿಗೆ ನಾನೇ ಸಹಿ ಹಾಕ್ತೀನಿ, ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಒಂದು ಮಾತು ಡಿಲಾಯ್. ಹೌದು ಅನ್ನು, ಸಾಕು. ಮಗಳ ಮದುವೆ ನೋಡ್ತೀಯ.”

ಪಕ್ಕದ ಸಭಾಂಗಣದಲ್ಲಿ ಹೆಂಗಸರು ಹಾಡು ಅಭ್ಯಾಸ ಮಾಡುತ್ತಿದ್ದರು.

“ಕುಡೀದೇ ಇದ್ದದ್ದನ್ನ ಕುಡಿದೆ ಅಂದ್ರೆ ಅದು ಸುಳ್ಳಾಗುತ್ತಲ್ಲ,” ಅಂದ. “ಸುಳ್ಳು ಹೇಳಿ ಅಲ್ಲಿ ಒಳಗೆ ಹೆಂಗೆ ಹೋಗ್ಲಿ?”

ನನಗೆ ಮೈಯೆಲ್ಲ ಉರಿಯಿತು. ಸಿಕ್ಕಿಬಿದ್ದವನು ಧರ್ಮ ಬೇರೆ ಹೇಳುತ್ತಾನಲ್ಲ ಅಂತ. “ಹಾಗಾದ್ರೆ ಚೀಟಿ ಇಲ್ಲ,” ಅಂದೆ. ಅವನು ಎದ್ದ, ಎಡಗೈ ಚಾಚಿ ನನ್ನ ಕೈ ಕುಲುಕಿದ, ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದ.

ಮದುವೆಯ ದಿನ ಒಳಗೆ ಇಬ್ಬರು ಸಾಕ್ಷಿಗಳು ಕೂರಬೇಕು. ಹುಡುಗನ ಅಪ್ಪ ಒಬ್ಬ, ಹುಡುಗಿಯ ಅಪ್ಪ ಒಬ್ಬ, ಅದು ವಾಡಿಕೆ. ರೆನೇ ಕಡೆ ಯಾರೂ ಇರಲಿಲ್ಲ. ಅವಳು ನನ್ನನ್ನೇ ಕೇಳಿಕೊಂಡಳು. ಡಿಲಾಯ್‌ನ ಕುರ್ಚಿಯಲ್ಲಿ ನಾನು ಕೂತೆ. ಬಿಳಿ ಬಟ್ಟೆ ಹಾಕಿಕೊಂಡು, ಬಿಳಿ ಕೋಣೆಯಲ್ಲಿ, ಅವನ ಮಗಳು ಮಂಡಿಯೂರಿ ಹೌದು ಅಂದದ್ದನ್ನು ನಾನು ನೋಡಿದೆ. ಅವಳು ಒಂದು ಸಲ ಬಾಗಿಲ ಕಡೆ ತಿರುಗಿದಳು, ಮತ್ತೆ ತಿರುಗಲಿಲ್ಲ. ಹೊರಗೆ ಬಂದಾಗ ಡಿಲಾಯ್ ಹೂವಿನ ಪಾತಿಯ ಪಕ್ಕ ನಿಂತಿದ್ದ. ಬೆಳಗ್ಗೆ ಎಂಟರಿಂದ ನಿಂತಿದ್ದನಂತೆ. ಹುಡುಗನ ಕಡೆಯವರು ಅವನಿಂದ ದೂರ ಸರಿದು ಹೋಗುತ್ತಿದ್ದರು. ಮಗಳನ್ನು ತಬ್ಬಿಕೊಳ್ಳಲು ಹೋದಾಗ ಬಲಗೈ ಮೇಲೆ ಬರಲೇ ಇಲ್ಲ, ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು.

ಆ ಕೈಯನ್ನು ರೆನೇ ನೋಡಿದಳು. ಊರಿಡೀ ವರ್ಷದಿಂದ ನೋಡುತ್ತಿದ್ದ ಕೈ ಅದು. ಅವಳೊಬ್ಬಳು ಅದನ್ನು ಕಾಯಿಲೆ ಅಂತ ನೋಡಿದಳು. ಮದುವೆಯಾಗಿ ತಿಂಗಳೊಳಗೆ ಗಂಡನ ಜೊತೆ ಬಂದು ಅಪ್ಪನನ್ನ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ತುಟಿ ಬಿಡಿಸಿ ಒಸಡು ನೋಡಿದ. ಹಲ್ಲಿನ ಬುಡದಲ್ಲಿ ಶಾಯಿಯಿಂದ ಎಳೆದ ಹಾಗೆ ನೀಲಿಗೆರೆ. ‘ಸೀಸದ ಕೆಲಸ ಏನಾದ್ರೂ ಮಾಡ್ತೀರಾ’ ಅಂತ ಅದೊಂದೇ ಪ್ರಶ್ನೆ ಕೇಳಿದನಂತೆ. ರಕ್ತ ಪರೀಕ್ಷೆ ಮಾಡಿದರು. ಔಷಧ ಚುಚ್ಚಿ ಸೀಸ ಇಳಿಸಲು ನೋಡಿದರು, ಒಂದಿಷ್ಟು ಇಳಿಯಿತು. ಅಷ್ಟರಲ್ಲಿ ಮೂತ್ರಪಿಂಡ ಕೆಟ್ಟಿತ್ತು. ಕೈ ಹೋದದ್ದು ಹೋಗಿತ್ತು.

ಜನವರಿಯಲ್ಲಿ ಅವನನ್ನು ಮನೆಗೆ ತಂದರು. ಇನ್ನು ಮಾಡುವಂಥದ್ದೇನಿಲ್ಲ ಅಂತ ಅದರ ಅರ್ಥ. ರೆನೇ ಜೊತೆಗೇ ಬಂದು ಉಳಿದಳು. ನಾನು ಒಂದು ಶನಿವಾರ ಬೆಳಗ್ಗೆ ಚೀಟಿ ಬರೆದು, ನನ್ನ ಸಹಿ ಹಾಕಿ, ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋದೆ. ಅವನು ಇನ್ನು ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ ಅಂತ ನನಗೂ ಗೊತ್ತಿತ್ತು. ಆದರೂ ಕೊಡಬೇಕಿತ್ತು. ಅವನು ಸುಳ್ಳುಗಾರ ಅಲ್ಲ ಅಂತ ನನ್ನ ಕೈಬರಹದಲ್ಲಿ ಅವನ ಹತ್ತಿರ ಇರಬೇಕಿತ್ತು.

ರೆನೇ ಮೊದಲು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ವರ್ಷದ ದವಸ ಇಡುವ ಕಪಾಟುಗಳು. ಗೋಧಿಯಿಲ್ಲ, ಬೀನ್ಸಿಲ್ಲ. ನೆಲದಿಂದ ಸೂರಿನವರೆಗೆ, ಮೂರು ಗೋಡೆಗೆ, ಜಾಡಿ ಮೇಲೆ ಜಾಡಿ ಗುಂಡು. ತೊಳೆದು, ಒರೆಸಿ, ಮುಚ್ಚಳ ಹಾಕಿ, ತಾರೀಕು ಬರೆದು ಇಟ್ಟದ್ದು. ಊರಿಗೆ ಕೊಟ್ಟದ್ದು ಇದರಲ್ಲಿ ಹತ್ತರಲ್ಲೊಂದೂ ಇರಲಾರದು. ಡಬ್ಬ ಡಬ್ಬ ಸ್ಪಿರಿಟ್ ಎಲ್ಲಿಗೆ ಹೋಯಿತು ಅಂತ ನನಗೆ ಉತ್ತರ ಸಿಕ್ಕಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

“ಬಾಯಲ್ಲಿಟ್ಕೊಂಡು ಮಾಡ್ತಿದ್ರಂತೆ ಬಿಷಪ್. ಸೀಸನ,” ಅಂದಳು ರೆನೇ. “ನಾನು ಎದುರಿಗೇ ಕೂತು ಓದ್ತಿದ್ದೆ, ಒಂದಿನಾನೂ ಕೇಳ್ಲಿಲ್ಲ. ಇದನ್ನ ಯಾರು ಕಲಿಸಿದ್ದು ಅಂತ ಡಾಕ್ಟರು ಕೇಳಿದ್ರು. ಯಾರೂ ಇಲ್ಲ, ನಂದೇ ಕೆಟ್ಟ ಚಾಳಿ ಅಂದ್ರು ಅಪ್ಪ.”

ನಾನು, ನೂರಿಪ್ಪತ್ತು ಮನೆಯ ಬಿಷಪ್, “ಹೌದಾ” ಅಂದೆ.

ಮೇಲೆ ಡಿಲಾಯ್ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದ. ಮುಖ ಊದಿತ್ತು. ಬುದ್ಧಿ ಒಮ್ಮೊಮ್ಮೆ ತಪ್ಪುತ್ತಿತ್ತಂತೆ, ಆವತ್ತು ತಿಳಿಯಾಗಿತ್ತು. ನಾನು ಕ್ಷಮೆ ಕೇಳಿದೆ. ಅತ್ತೂಬಿಟ್ಟೆ. ಅವನು ಎಡಗೈ ಅಲ್ಲಾಡಿಸಿ ಬಿಡು ಅಂದ. ಚೀಟಿ ತೆಗೆದು ಹಾಸಿಗೆಯ ಮೇಲಿಟ್ಟೆ. ಅದರಲ್ಲಿ ಪಡೆಯುವವನ ಸಹಿಯೂ ಇರಬೇಕು.

“ಸಹಿ ಹಾಕು ಡಿಲಾಯ್. ಎಡಗೈಲೇ ಹಾಕು. ಸಾಕು.”

“ಪ್ರಶ್ನೆ ಕೇಳ್ದೇನೇ ಹಾಕಿದೀಯಲ್ಲೋ ನಿನ್ ಸಹಿ. ಕೇಳು. ಎಲ್ಲಾನೂ ಕೇಳು, ಅರ್ಧಂಬರ್ಧ ಬೇಡ.”

ಕೇಳಿದೆ. ಮದ್ಯದ ಪ್ರಶ್ನೆ ಬಂತು. ಅವನು “ದೂರ ಇದೀನಿ” ಅಂದ. ಮುಂದಿನದಕ್ಕೆ ಬಂದೆ.

“ಜೊತೆಯವರ ಹತ್ರ ಎಲ್ಲಾ ವಿಷಯದಲ್ಲೂ ಪ್ರಾಮಾಣಿಕವಾಗಿ ನಡ್ಕೊಂಡಿದೀಯಾ?”

“ಇಲ್ಲ.”

“ಡಿಲಾಯ್, ಯಾರೂ ಕಲಿಸಿಲ್ಲ ಅಂದದ್ದು ನಂಗೋಸ್ಕರ. ಅದು ಲೆಕ್ಕಕ್ಕಿಲ್ಲ.”

“ಸುಳ್ಳು ಸುಳ್ಳೇ ಕಣೋ. ಡಾಕ್ಟರಿಗೂ ಹೇಳಿದೆ, ಮಗಳಿಗೂ ಹೇಳಿದೆ. ಅವಳ ಮದುವೆಗೇ ಸುಳ್ಳು ಹೇಳದೋನು ನಿಂಗೋಸ್ಕರ ಹೇಳಿದೆ ನೋಡು.” ಉಸಿರು ತಗೊಂಡ. “ನಾನು ಹೋದ್ಮೇಲೆ ಅವಳಿಗೆ ಈ ಊರಲ್ಲಿ ಒಂದು ಬಾಗಿಲಾದ್ರೂ ಬೇಕಲ್ಲ. ನೀನೂ ಬೇಡ ಅಂತಾದ್ರೆ ಯಾರಿದಾರೆ ಅವಳಿಗೆ?”

“ಈಗಲೇ ಅವಳನ್ನ ಕರೆದು ನಿಜ ಹೇಳಿಬಿಡು. ಆಮೇಲೆ ಸಹಿ ಹಾಕು.”

“ನಾನು ಹೇಳಲ್ಲ,” ಅಂದ. ಚೀಟಿಯನ್ನು ಬೆರಳ ತುದಿಯಿಂದ ನನ್ನ ಕಡೆ ಸರಿಸಿದ. “ಎತ್ಕೊಂಡು ಹೋಗು. ನಿಯಮ ನಿಯಮಾನೇ.”

ಅವನು ಕಣ್ಣು ಮುಚ್ಚಿಕೊಂಡ. ನಾನು ಚೀಟಿ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಪ್ರೆಸ್ಸು ಬಿಚ್ಚಿದ ಮೇಜಿನ ಮೇಲೆ ರೆನೇ ಅವನಿಗೆ ಗಂಜಿ ಆರಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ನನ್ನ ಗ್ಯಾರೇಜು, ಇಪ್ಪತ್ತು ತುಣುಕು, ತಣ್ಣಗಿನ ಕೆಲಸ ಅಂದದ್ದು, ಸಿಹಿ ಇದೆ ಅಂದಾಗ ನಕ್ಕದ್ದು, ಎಲ್ಲವನ್ನೂ. ಅವಳು ಚಮಚ ಕೆಳಗಿಟ್ಟಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಮೇ ತಿಂಗಳಲ್ಲಿ ಚೀಟಿಗೆ ಅಂತ ಬಂದಾಗ, ಸ್ಪಿರಿಟ್ ಯಾತಕ್ಕೆ ಅಂತ ಅಪ್ಪ ನಿಮಗೆ ಹೇಳಿದ್ರಾ?”

“ಹೇಳಿದ. ಜಾಸ್ತಿ ಮಾಡ್ತೀನಿ ಅಂದ.”

“ನೀವು ಬಂದು ನೋಡಿದ್ರಾ?”

“ಇಲ್ಲ.”

“ನಾಲ್ಕು ಮನೆ ಬಿಷಪ್,” ಅಂದಳು. “ನಾಲ್ಕೇ ಮನೆ.”

ಗಂಜಿ ಎತ್ತಿಕೊಂಡು ಅಪ್ಪನ ಕೋಣೆಗೆ ಹೋದಳು. ಡಿಲಾಯ್ ಫೆಬ್ರವರಿ ಹನ್ನೊಂದಕ್ಕೆ ಹೋದ. ಆ ವಸಂತದಲ್ಲಿ ಮೇಲಿನವರಿಗೆ ಕಾಗದ ಬರೆದು ಬಿಷಪ್ ಕೆಲಸ ಬಿಟ್ಟೆ. ರೆನೇ ಮನೆ ಮಾರಿದಳು. ನಮ್ಮ ಮನೆಯ ಬಾಗಿಲಿಗೆ ಅವಳು ಮತ್ತೆ ಬರಲಿಲ್ಲ.